‘ಇಂಟು’ ಗುರುತು ಆಜ್ಞೆಯಲ್ಲ, ವಿನಂತಿ: ಗಣಕದ ಕಿಟಕಿಗಳ ಒಳಗುಟ್ಟು

ಗಣಕದಲ್ಲಿ ನೀವು ಒಂದು ಪತ್ರವನ್ನು ಬೆರಳಚ್ಚಿಸುತ್ತಿದ್ದೀರಿ ಎಂದುಕೊಳ್ಳಿ. ಅರ್ಧ ಮುಗಿದಿದೆ. ಯಾವುದೋ ಅವಸರದಲ್ಲಿ ಕಿಟಕಿಯ ಬಲ ಮೇಲ್ಮೂಲೆಯ ‘ಇಂಟು’ ಗುರುತನ್ನು ಕ್ಲಿಕ್ಕಿಸುತ್ತೀರಿ. ಒಂದು ತಂತ್ರಾಂಶವು ‘ಬರೆದುದನ್ನು ಉಳಿಸಬೇಕೇ?’ ಎಂದು ವಿನಯದಿಂದ ಕೇಳುತ್ತದೆ. ಇನ್ನೊಂದು ಏನನ್ನೂ ಕೇಳದೆ ಮಾಯವಾಗುತ್ತದೆ. ಅದರೊಂದಿಗೆ ನಿಮ್ಮ ಪತ್ರವೂ ಮಾಯ. ಮೂರನೆಯದು ಕಣ್ಣಿಗೆ ಮರೆಯಾದರೂ ಒಳಗೊಳಗೇ ಓಡುತ್ತಿರುತ್ತದೆ. ಹಾಡು ಕೇಳಿಸುತ್ತಲೇ ಇರುತ್ತದೆ, ಗಣಕ ನಿಧಾನವಾಗುತ್ತಲೇ ಹೋಗುತ್ತದೆ.

ಗುರುತು ಒಂದೇ, ಜಾಗ ಒಂದೇ, ಕ್ಲಿಕ್ಕೂ ಒಂದೇ. ಆದರೂ ಫಲ ಮೂರು ಬಗೆಯದು. ಹೀಗೇಕೆ?

ಉತ್ತರ ಸರಳವಾಗಿದೆ. ಆ ಗುರುತು ಕಿಟಕಿಯನ್ನು ಮುಚ್ಚುವುದಿಲ್ಲ. ‘ಬಳಕೆದಾರರು ಮುಚ್ಚಬಯಸಿದ್ದಾರೆ’ ಎಂಬ ಸುದ್ದಿಯನ್ನು ತಂತ್ರಾಂಶಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಮುಚ್ಚುವುದೋ ಬಿಡುವುದೋ ಎಂಬುದು ತಂತ್ರಾಂಶ ಬರೆದವರ ನಿರ್ಧಾರ. ಇದನ್ನು ಅರಿಯಬೇಕಾದರೆ, ಗಣಕದ ಪರಿಭಾಷೆಯಲ್ಲಿ ‘ಟಾಪ್ ಲೆವೆಲ್ ವಿಂಡೋ’ ಎನ್ನಿಸಿಕೊಳ್ಳುವ ಮೇಲ್ಮಟ್ಟದ ಕಿಟಕಿಯ ಸ್ವರೂಪವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಪೆಟ್ಟಿಗೆಯೊಳಗೆ ಪೆಟ್ಟಿಗೆ

ಪರದೆಯ ಮೇಲೆ ನಮಗೆ ಕಾಣುವುದೆಲ್ಲ ಪೆಟ್ಟಿಗೆಯೊಳಗಿನ ಪೆಟ್ಟಿಗೆಗಳು. ‘ಸರಿ’ ಎಂಬ ಗುಂಡಿ ಒಂದು ಪಟ್ಟಿಯೊಳಗಿದೆ. ಆ ಪಟ್ಟಿ ಇನ್ನೊಂದು ಹಲಗೆಯೊಳಗಿದೆ. ಹೀಗೆ ಹೊರಹೊರಗೆ ಸಾಗುತ್ತ ಹೋದರೆ, ಕೊನೆಗೆ ಯಾವುದರ ಒಳಗೂ ಇಲ್ಲದ ಒಂದು ಪೆಟ್ಟಿಗೆ ಸಿಗುತ್ತದೆ. ಅದೇ ಮೇಲ್ಮಟ್ಟದ ಕಿಟಕಿ. ಉಳಿದವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ವಂಶವೃಕ್ಷದ ಮೂಲಪುರುಷನಂತೆ ಅದಕ್ಕೆ ಮಾತ್ರ ತಂದೆಯಿಲ್ಲ.

ಈ ‘ತಂದೆಯಿಲ್ಲದಿರುವಿಕೆ’ ಬರಿಯ ಉಪಮೆಯಲ್ಲ. ಕಿಟಕಿಗಳನ್ನು ರಚಿಸಲು ಪ್ರೋಗ್ರಾಮರುಗಳು ಬಳಸುವ ‘ಕ್ಯೂಟಿ’ ಎಂಬ ಪ್ರಸಿದ್ಧ ಸಾಧನಸಂಗ್ರಹದಲ್ಲಿ ನಿಯಮವೇ ಹೀಗಿದೆ: ಯಾವ ಅಂಗಕ್ಕೆ ತಂದೆಯನ್ನು ಗೊತ್ತುಮಾಡಿಲ್ಲವೋ ಅದು ಸ್ವತಂತ್ರ ಕಿಟಕಿಯಾಗಿ ಪರದೆಯ ಮೇಲೆ ಮೂಡುತ್ತದೆ. ಒಂಟಿ ಗುಂಡಿಗೂ ಇದು ಅನ್ವಯಿಸುತ್ತದೆ.

ಕಿಟಕಿಯ ಕಲ್ಪನೆ ಇಂದು ನಿನ್ನೆಯದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಲ್ಟೊ ಗಣಕದಲ್ಲಿ ಒಂದರ ಮೇಲೊಂದು ಹರಡಿಕೊಳ್ಳುವ ಕಿಟಕಿಗಳು ಮೂಡಿದವು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂತೋಷ್ ಅವುಗಳನ್ನು ಸಾಮಾನ್ಯರ ಮೇಜಿಗೆ ತಂದಿತು. 1985ರಲ್ಲಿ ಬಂದ ಮೈಕ್ರೋಸಾಫ್ಟ್ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ಮುಖ್ಯ ಕಿಟಕಿಗಳು ಹೆಂಚುಗಳಂತೆ ಪಕ್ಕಪಕ್ಕದಲ್ಲಿ ಕೂರಬೇಕಿತ್ತು. ಒಂದರ ಮೇಲೊಂದು ಬೀಳುವ ಸ್ವಾತಂತ್ರ್ಯ ದೊರೆತದ್ದು 1987ರ ಎರಡನೆಯ ಆವೃತ್ತಿಯಲ್ಲಿ. ವಿಂಡೋಸ್ ಬಳಕೆದಾರರಿಗೆ ಬಲಮೂಲೆಯ ‘ಇಂಟು’ ಗುರುತು ಪರಿಚಯವಾದದ್ದು 1995ರ ಆಗಸ್ಟ್‌ನಲ್ಲಿ, ವಿಂಡೋಸ್ 95ರೊಂದಿಗೆ. ಅದಕ್ಕೂ ಮೊದಲು ಎಡಮೂಲೆಯ ಪುಟ್ಟ ಚೌಕದ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಕಿಟಕಿಯನ್ನು ಮುಚ್ಚಬೇಕಿತ್ತು.

ಒಂದು ಕಿಟಕಿ, ಇಬ್ಬರು ಒಡೆಯರು

ಮೇಲ್ಮಟ್ಟದ ಕಿಟಕಿಯ ವಿಶೇಷವೆಂದರೆ ಅದಕ್ಕೆ ಇಬ್ಬರು ಒಡೆಯರು. ಹೊರಗಿನ ಚೌಕಟ್ಟು, ಹೆಸರು ಬರೆದಿರುವ ಶೀರ್ಷಿಕೆ ಪಟ್ಟಿ, ಕಿಟಕಿಯನ್ನು ಹಿಗ್ಗಿಸುವ ಕುಗ್ಗಿಸುವ ಗುರುತುಗಳು, ‘ಇಂಟು’ ಗುರುತು ಇವೆಲ್ಲವೂ ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆಯ ಸೊತ್ತು. ಲಿನಕ್ಸ್‌ನಲ್ಲಿ ದೀರ್ಘಕಾಲ ಬಳಕೆಯಲ್ಲಿರುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆಂದೇ ‘ವಿಂಡೋ ಮ್ಯಾನೇಜರ್’ ಎಂಬ ಪ್ರತ್ಯೇಕ ತಂತ್ರಾಂಶವಿದೆ. ಚೌಕಟ್ಟಿನ ಒಳಗಿನ ಜಾಗ ಮಾತ್ರ ನೀವು ಬಳಸುತ್ತಿರುವ ತಂತ್ರಾಂಶದ್ದು.

ಬಾಡಿಗೆಯ ಮಳಿಗೆಯನ್ನು ನೆನೆಯಿರಿ. ಗೋಡೆ, ಬಾಗಿಲು, ಹೊರಗಿನ ಫಲಕದ ಜಾಗ ಕಟ್ಟಡದ ಮಾಲೀಕರದ್ದು. ಒಳಗಿನ ಕಪಾಟು, ಸರಕು, ಗಲ್ಲಾಪೆಟ್ಟಿಗೆ ಅಂಗಡಿಯವರದ್ದು. ಬಾಗಿಲು ಬಡಿದ ಸದ್ದನ್ನು ಮಾಲೀಕರು ಒಳಗೆ ತಿಳಿಸಬಲ್ಲರು. ಆದರೆ ವ್ಯಾಪಾರ ಮುಗಿಸಿ ಲೆಕ್ಕ ಬರೆದು ದೀಪ ಆರಿಸಬೇಕಾದವರು ಅಂಗಡಿಯವರೇ.

ಈ ಗಡಿರೇಖೆಯನ್ನು ಮರೆತ ಪ್ರೋಗ್ರಾಮರು ಮೊದಲು ಎಡವುವುದು ಅಳತೆಯಲ್ಲಿ. ‘ಕಿಟಕಿ 400 ಬಿಂದು ಅಗಲ, 300 ಬಿಂದು ಎತ್ತರ ಇರಲಿ’ ಎಂದು ಆತ ಬರೆಯುತ್ತಾನೆ. ಆ 300ರಲ್ಲಿ ಶೀರ್ಷಿಕೆ ಪಟ್ಟಿಯ ಎತ್ತರವೂ ಸೇರಿರುತ್ತದೆ. ಒಳಗಿನ ಜಾಗ ಎಣಿಸಿದ್ದಕ್ಕಿಂತ ಕಡಿಮೆಯಾಗಿ ಕೊನೆಯ ಸಾಲು ಅರ್ಧ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಗಮನದಲ್ಲಿಟ್ಟು ಬಿಂದುಗಳ ಲೆಕ್ಕದಲ್ಲಿ ಕೆತ್ತಿದ ಗುಂಡಿಗಳಿಗೆ ಕನ್ನಡವನ್ನು ತುಂಬಿದಾಗ ತೊಂದರೆ ಇಮ್ಮಡಿಯಾಗುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಪದಗಳೂ ಉದ್ದವಾಗಿರುತ್ತವೆ. ‘ರದ್ದು’ ಎಂಬ ಪದದ ಒತ್ತು ಕತ್ತರಿಸಿ ಹೋದರೆ ಅದು ‘ರದು’ ಆಗುತ್ತದೆ. ಒಳಗಿನ ಅಂಗಗಳಿಗೆ ಬೇಕಾದ ಜಾಗವನ್ನು ಮೊದಲು ಅಳೆದು, ಅದರಂತೆ ಕಿಟಕಿಯ ಅಳತೆಯನ್ನು ತಾನಾಗಿ ನಿರ್ಧರಿಸುವ ಏರ್ಪಾಡು ಎಲ್ಲ ಒಳ್ಳೆಯ ಸಾಧನಸಂಗ್ರಹಗಳಲ್ಲೂ ಇದೆ. ಅದನ್ನು ಬಳಸುವುದು ಪ್ರೋಗ್ರಾಮರ ಕೈಯಲ್ಲಿದೆ.

ಜಾವಾ ಸ್ವಿಂಗ್‌ನ ಉದಾಹರಣೆ

ಈ ಇಬ್ಬಗೆಯ ಒಡೆತನ ಬಲು ಸ್ಪಷ್ಟವಾಗಿ ಕಾಣುವುದು ಜಾವಾ ಭಾಷೆಯ ‘ಸ್ವಿಂಗ್’ ಎಂಬ ಸಾಧನಸಂಗ್ರಹದಲ್ಲಿ. 1998ರಲ್ಲಿ ಜಾವಾ 1.2ರ ಭಾಗವಾಗಿ ಬಂದ ಇದು ಇಂದಿಗೂ ಜಾವಾದೊಂದಿಗೇ ದೊರೆಯುತ್ತದೆ.

ಸ್ವಿಂಗ್‌ನಲ್ಲಿ ಗುಂಡಿ, ಪಟ್ಟಿ, ಬರಹದ ಚೌಕ ಇತ್ಯಾದಿಗಳೆಲ್ಲವನ್ನೂ ಜಾವಾ ತಾನೇ ಚಿತ್ರಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಅವುಗಳ ಗುರುತು ಪರಿಚಯವಿಲ್ಲ. ಅದಕ್ಕೆ ಗೊತ್ತಿರುವುದು ಮೇಲ್ಮಟ್ಟದ ಕಿಟಕಿ ಮಾತ್ರ. ಮುಖ್ಯ ಕಿಟಕಿಗೆ ‘ಜೆಫ್ರೇಮ್’ ಎಂದೂ ಪ್ರಶ್ನೆ ಕೇಳುವ ಸಂವಾದ ಪೆಟ್ಟಿಗೆಗೆ ‘ಜೆಡಯಲಾಗ್’ ಎಂದೂ ಚೌಕಟ್ಟಿಲ್ಲದ ಬೋಳು ಕಿಟಕಿಗೆ ‘ಜೆವಿಂಡೋ’ ಎಂದೂ ಹೆಸರು. ಜಾಲಪುಟದೊಳಗೆ ಓಡುತ್ತಿದ್ದ ‘ಜೆಆಪ್ಲೆಟ್’ ಎಂಬ ನಾಲ್ಕನೆಯದೂ ಒಂದಿತ್ತು. ಬ್ರೌಸರುಗಳು ಅದಕ್ಕೆ ಬೆಂಬಲ ಹಿಂತೆಗೆದುಕೊಂಡವು, 2017ರ ಜಾವಾ 9ರಲ್ಲಿ ಅದನ್ನು ಬಳಸಬಾರದೆಂದು ಸಾರಲಾಯಿತು. ವಿಂಡೋಸ್‌ನ ಮೂಲ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಗುಂಡಿಯೂ ವ್ಯವಸ್ಥೆಗೆ ಪರಿಚಿತವಾದ ಒಂದು ಮರಿ ಕಿಟಕಿಯೇ. ಆದರೂ ಮೇಲ್ಮಟ್ಟದ ಕಿಟಕಿಯ ಸ್ಥಾನಮಾನ ಅವುಗಳಿಗಿಲ್ಲ.

ಜೆಫ್ರೇಮ್‌ನ ಒಳಗೂ ಪದರಗಳಿವೆ. ಮೊದಲಿಗೆ ಎಲ್ಲವನ್ನೂ ಹೊತ್ತ ಬೇರಿನಂತಹ ಒಂದು ಫಲಕ. ಅದರೊಳಗೆ ಅಂಗಗಳನ್ನು ಮೇಲೆ ಕೆಳಗೆ ಜೋಡಿಸುವ ಪದರಗಳ ಫಲಕ. ಆ ಪದರಗಳಲ್ಲಿ ಮೆನು ಪಟ್ಟಿ ಹಾಗೂ ನಮ್ಮ ಸರಕೆಲ್ಲ ಕೂರುವ ‘ಕಂಟೆಂಟ್ ಪೇನ್’. ಎಲ್ಲಕ್ಕೂ ಮೇಲೆ ಗಾಜಿನ ಹೊದಿಕೆಯಂತಹ ‘ಗ್ಲಾಸ್ ಪೇನ್’. ಸಾಮಾನ್ಯವಾಗಿ ಈ ಗಾಜು ಕಾಣಿಸುವುದಿಲ್ಲ. ‘ದಯವಿಟ್ಟು ಕಾಯಿರಿ’ ಎಂದು ತೋರಿಸಿ ಕೆಳಗಿನ ಗುಂಡಿಗಳಿಗೆ ಮೌಸ್ ಮುಟ್ಟದಂತೆ ತಡೆಯಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ.

ಒಂದು ಗುಂಡಿ ಒಂದೇ ಕಾಲಕ್ಕೆ ಎರಡು ಪಾತ್ರೆಗಳಲ್ಲಿ ಇರಲಾರದು ಎಂಬುದು ಇಲ್ಲಿಯ ಇನ್ನೊಂದು ನಿಯಮ. ಮೊದಲ ಕಿಟಕಿಯಲ್ಲಿದ್ದ ಗುಂಡಿಯನ್ನು ಎರಡನೆಯದಕ್ಕೆ ಸೇರಿಸಿದರೆ ಮೊದಲನೆಯದರಿಂದ ಅದು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ‘ಇಲ್ಲಿದ್ದ ಗುಂಡಿ ಎಲ್ಲಿ ಹೋಯಿತು?’ ಎಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಇದೇ ಉತ್ತರ.

ಮುಚ್ಚುವ ವಿನಂತಿಯ ಪಯಣ

ಈಗ ‘ಇಂಟು’ ಗುರುತಿಗೆ ಮರಳೋಣ. ವಿಂಡೋಸ್‌ನಲ್ಲಿ ಅದನ್ನು ಒತ್ತಿದೊಡನೆ ತಂತ್ರಾಂಶಕ್ಕೆ ‘ಮುಚ್ಚಲು ಕೋರಿಕೆ ಬಂದಿದೆ’ ಎಂಬ ಸಂದೇಶ ತಲುಪುತ್ತದೆ. ತಂತ್ರಾಂಶ ಅದನ್ನು ತಾನೇ ಕೈಗೆತ್ತಿಕೊಂಡು ‘ಉಳಿಸಬೇಕೇ?’ ಎಂದು ಕೇಳಬಹುದು. ‘ಬೇಡ’ ಎಂದು ಸುಮ್ಮನಿರಲೂಬಹುದು. ಅದು ಗಮನಿಸದೇ ಹೋದರೆ ಮಾತ್ರ ವ್ಯವಸ್ಥೆಯ ರೂಢಿಯ ಕ್ರಮ ಜಾರಿಗೆ ಬಂದು ಕಿಟಕಿ ನಾಶವಾಗುತ್ತದೆ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಕಿಟಕಿ ಹೋದ ಬಳಿಕ ‘ನಾನಿನ್ನು ನಿಲ್ಲುತ್ತೇನೆ’ ಎಂದು ತಂತ್ರಾಂಶವೇ ಹೇಳಿ ತನ್ನ ಓಟವನ್ನು ಮುಗಿಸಬೇಕು. ಹಾಗೆ ಹೇಳಲು ಪ್ರೋಗ್ರಾಮರು ಮರೆತರೆ, ಕಿಟಕಿಯಿಲ್ಲದ ತಂತ್ರಾಂಶ ಪರದೆಯ ಹಿಂದೆ ಅಲೆಮಾರಿಯಂತೆ ಉಳಿಯುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದಾಗ ಕೆಲವೊಮ್ಮೆ ಕಾಣುವ ಅನಾಮಧೇಯ ಅತಿಥಿಗಳಲ್ಲಿ ಇಂಥವೂ ಇರಬಹುದು.

ಲಿನಕ್ಸ್‌ನ ಹೊಸ ಪೀಳಿಗೆಯ ‘ವೇಲ್ಯಾಂಡ್’ ಪದ್ಧತಿಯಲ್ಲಂತೂ ಈ ಮಾತನ್ನು ನಿಯಮಾವಳಿಯಲ್ಲೇ ಬಿಡಿಸಿ ಬರೆಯಲಾಗಿದೆ. ಮುಚ್ಚುವ ಸೂಚನೆಯು ಕೇವಲ ಕೋರಿಕೆ. ತಂತ್ರಾಂಶ ಅದನ್ನು ಅಲಕ್ಷಿಸಬಹುದು ಅಥವಾ ಕಡತ ಉಳಿಸುವ ಬಗ್ಗೆ ಬಳಕೆದಾರರನ್ನು ವಿಚಾರಿಸಬಹುದು ಎಂಬುದು ಅದರ ಆಶಯ.

ಜಾವಾದ ಜೆಫ್ರೇಮ್ ಈ ಕೋರಿಕೆಗೆ ನಾಲ್ಕು ಸಿದ್ಧ ಉತ್ತರಗಳನ್ನು ಇಟ್ಟುಕೊಂಡಿದೆ. ಏನೂ ಮಾಡದಿರುವುದು, ಕಿಟಕಿಯನ್ನು ಅಡಗಿಸುವುದು, ಕಿಟಕಿಯನ್ನು ವಿಸರ್ಜಿಸುವುದು, ಇಡೀ ತಂತ್ರಾಂಶವನ್ನೇ ನಿಲ್ಲಿಸುವುದು. ಪ್ರೋಗ್ರಾಮರು ಏನನ್ನೂ ಹೇಳದಿದ್ದರೆ ಜಾವಾ ಆರಿಸಿಕೊಳ್ಳುವುದು ‘ಅಡಗಿಸುವುದು’ ಎಂಬ ಎರಡನೆಯದನ್ನು. ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲ ಬಾರಿ ಕಿಟಕಿ ಬರೆದ ವಿದ್ಯಾರ್ಥಿ ಅದನ್ನು ಹತ್ತು ಸಲ ಓಡಿಸಿ ಹತ್ತು ಸಲ ‘ಇಂಟು’ ಒತ್ತಿದರೆ, ಪರದೆ ಖಾಲಿಯಾಗಿರುತ್ತದೆ. ಆದರೆ ಹತ್ತೂ ಪ್ರತಿಗಳು ಗಣಕದ ಸ್ಮೃತಿಯಲ್ಲಿ ಜೀವಂತವಾಗಿರುತ್ತವೆ.

‘ಹಾಗಾದರೆ ಇಡೀ ತಂತ್ರಾಂಶವನ್ನೇ ನಿಲ್ಲಿಸುವ ಉತ್ತರ ಒಳ್ಳೆಯದಲ್ಲವೇ?’ ಎಂದು ನೀವು ಕೇಳಬಹುದು. ಪುಟ್ಟ ಪ್ರಯೋಗಗಳಿಗೆ ಹೌದು. ಆದರೆ ಒಂದೇ ತಂತ್ರಾಂಶದ ಎರಡು ಕಿಟಕಿಗಳಲ್ಲಿ ಎರಡು ಕಡತಗಳನ್ನು ತೆರೆದಿದ್ದರೆ, ಒಂದರ ‘ಇಂಟು’ ಒತ್ತಿದಾಗ ಎರಡೂ ಹೋಗುತ್ತವೆ. ಎರಡನೆಯದರಲ್ಲಿ ಉಳಿಸದ ಬರಹವಿದ್ದರೆ ಅದಕ್ಕೂ ಅದೇ ಗತಿ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಪ್ರೋಗ್ರಾಮರು ಜಾಗರೂಕರಾಗಿ ‘ಉಳಿಸಬೇಕೇ? ಹೌದು, ಇಲ್ಲ, ರದ್ದು’ ಎಂಬ ಪ್ರಶ್ನೆಯನ್ನು ಅಳವಡಿಸುತ್ತಾರೆ. ಬಳಕೆದಾರರು ‘ರದ್ದು’ ಎನ್ನುತ್ತಾರೆ, ಅಂದರೆ ‘ನಾನು ಮುಚ್ಚುವುದಿಲ್ಲ’ ಎಂದು. ಆದರೂ ಕಿಟಕಿ ಮುಚ್ಚಿಹೋಗುತ್ತದೆ! ಪ್ರಶ್ನೆಯನ್ನು ಕೇಳಿ ಮುಗಿದ ಮೇಲೆ ಜಾವಾ ತನ್ನಲ್ಲಿರುವ ಸಿದ್ಧ ಉತ್ತರವನ್ನು ಜಾರಿಗೊಳಿಸುತ್ತದೆ ಎಂಬುದನ್ನು ಪ್ರೋಗ್ರಾಮರು ಮರೆತಿರುತ್ತಾರೆ. ಪ್ರಶ್ನೆ ಕೇಳುವ ಹೊಣೆಯನ್ನು ತಾವು ಹೊತ್ತ ಮೇಲೆ ಸಿದ್ಧ ಉತ್ತರವನ್ನು ‘ಏನೂ ಮಾಡದಿರು’ ಎಂದು ಬದಲಿಸಿ, ಮುಚ್ಚುವ ಕೆಲಸವನ್ನೂ ತಾವೇ ಮಾಡಬೇಕು. ಒಂದು ಸಾಲಿನ ಈ ವ್ಯತ್ಯಾಸ ಬಳಕೆದಾರರ ಇಡೀ ದಿನದ ಶ್ರಮವನ್ನು ಉಳಿಸಬಲ್ಲದು ಅಥವಾ ಕಳೆಯಬಲ್ಲದು.

ಅಡಗಿ ಕುಳಿತ ಪ್ರಶ್ನೆ

ಸಂವಾದ ಪೆಟ್ಟಿಗೆಯೂ ಮೇಲ್ಮಟ್ಟದ ಕಿಟಕಿಯೇ. ಆದರೆ ಅದಕ್ಕೊಂದು ಯಜಮಾನ ಕಿಟಕಿ ಇರುವುದು ವಾಡಿಕೆ. ಯಜಮಾನ ಕೆಳಗಿಳಿದರೆ ಅದೂ ಮರೆಯಾಗುತ್ತದೆ. ಯಜಮಾನ ನಾಶವಾದರೆ ಅದೂ ನಾಶವಾಗುತ್ತದೆ. ಅದು ಯಾವಾಗಲೂ ಯಜಮಾನನ ಮುಂದೆಯೇ ನಿಲ್ಲುತ್ತದೆ. ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಜಮಾನ ಕಿಟಕಿಯ ಗುಂಡಿಗಳೆಲ್ಲ ಮೌನ ತಾಳುವಂತೆಯೂ ಮಾಡಬಹುದು.

ಯಜಮಾನ ಯಾರೆಂದು ಪ್ರೋಗ್ರಾಮರು ಹೇಳದೇ ಬಿಟ್ಟರೆ? ಪ್ರಶ್ನೆಯ ಪೆಟ್ಟಿಗೆ ಮುಖ್ಯ ಕಿಟಕಿಯ ಹಿಂದೆ ಸರಿದುಬಿಡುವ ಸಂಭವವಿದೆ. ಮುಂದಿನ ಕಿಟಕಿ ಉತ್ತರಕ್ಕಾಗಿ ಕಾಯುತ್ತ ಯಾವ ಕ್ಲಿಕ್ಕಿಗೂ ಓಗೊಡುವುದಿಲ್ಲ. ಹಿಂದಿನ ಪ್ರಶ್ನೆ ನಮಗೆ ಕಾಣುವುದಿಲ್ಲ. ‘ಗಣಕ ಕೆಟ್ಟಿತು’ ಎಂದು ನಾವು ವಿದ್ಯುತ್ ಗುಂಡಿಯತ್ತ ಕೈಚಾಚುತ್ತೇವೆ. ಕೆಟ್ಟದ್ದು ಏನೂ ಇರುವುದಿಲ್ಲ, ಪ್ರಶ್ನೆಯೊಂದು ಅಡಗಿ ಕುಳಿತಿರುತ್ತದೆ ಅಷ್ಟೇ.

‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಎಚ್ಚರಿಕೆಯ ಕಥೆ ಬೇರೆ. ಮೌಸ್ ಚಲನೆ, ಕೀಲಿಯ ಒತ್ತು, ಮುಚ್ಚುವ ಕೋರಿಕೆ ಇವೆಲ್ಲ ಒಂದು ಸರದಿ ಸಾಲಿನಲ್ಲಿ ನಿಂತು ತಂತ್ರಾಂಶವನ್ನು ತಲುಪುತ್ತವೆ. ಸಾಲನ್ನು ಗಮನಿಸಲು ಸಾಮಾನ್ಯವಾಗಿ ಒಬ್ಬನೇ ಗುಮಾಸ್ತ. ದೊಡ್ಡ ಕಡತವೊಂದನ್ನು ಓದುವ ಕೆಲಸವನ್ನೂ ಅವನಿಗೇ ಒಪ್ಪಿಸಿದರೆ ಅಷ್ಟು ಹೊತ್ತು ಸಾಲು ಮುಂದೆ ಸರಿಯುವುದಿಲ್ಲ. ಕೆಲವು ಕ್ಷಣಗಳ ಕಾಲ ಉತ್ತರ ಬಾರದಿದ್ದರೆ ವಿಂಡೋಸ್ ಆ ಕಿಟಕಿಯ ಜಾಗದಲ್ಲಿ ಅದರದೇ ರೂಪದ ‘ಭೂತ ಕಿಟಕಿ’ಯೊಂದನ್ನು ನಿಲ್ಲಿಸುತ್ತದೆ. ಹೀಗೆ ಕರೆಯುವುದು ನಾವಲ್ಲ, ಮೈಕ್ರೋಸಾಫ್ಟ್‌ನ ತಾಂತ್ರಿಕ ದಾಖಲೆಗಳಲ್ಲೇ ಆ ಹೆಸರಿದೆ. ಆ ಭೂತವನ್ನು ನಾವು ಎಳೆದಾಡಬಹುದು, ಮುಚ್ಚಲೂಬಹುದು. ಆದರೆ ಒಳಗಿನ ಸರಕಿನ ಮೇಲೆ ಅದಕ್ಕೆ ಅಧಿಕಾರವಿಲ್ಲ. ಹೊರಗಿನ ಚೌಕಟ್ಟು ಒಬ್ಬರದು, ಒಳಗಿನ ಜಾಗ ಇನ್ನೊಬ್ಬರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ದೀರ್ಘ ಕೆಲಸಗಳನ್ನು ಬೇರೊಬ್ಬ ಸಹಾಯಕನಿಗೆ ವಹಿಸಿ ಗುಮಾಸ್ತನನ್ನು ಸಾಲಿಗೇ ಮೀಸಲಿಡುವುದು ಇದಕ್ಕೆ ಪರಿಹಾರ. ಜಾವಾದಲ್ಲಿ 2006ರ ಆರನೆಯ ಆವೃತ್ತಿಯಿಂದ ಇದಕ್ಕೆಂದೇ ‘ಸ್ವಿಂಗ್ ವರ್ಕರ್’ ಎಂಬ ಏರ್ಪಾಡಿದೆ.

ಊರಿಗೊಂದು ಪದ್ಧತಿ

ಕೊನೆಯ ಕಿಟಕಿ ಮುಚ್ಚಿದರೆ ತಂತ್ರಾಂಶವೂ ನಿಲ್ಲಬೇಕೇ? ವಿಂಡೋಸ್ ಬಳಸುವವರು ‘ನಿಲ್ಲಬೇಕು’ ಎನ್ನುತ್ತಾರೆ. ಮ್ಯಾಕ್ ಬಳಸುವವರಿಗೆ ಅದು ವಿಚಿತ್ರ. ಅಲ್ಲಿ ಮೆನು ಪಟ್ಟಿ ಕಿಟಕಿಯಲ್ಲಿರದೆ ಪರದೆಯ ನೆತ್ತಿಯಲ್ಲಿರುತ್ತದೆ; ಕಿಟಕಿಗಳೆಲ್ಲ ಮುಚ್ಚಿದರೂ ತಂತ್ರಾಂಶ ಜೀವಂತವಾಗಿರುವುದು ಅಲ್ಲಿಯ ರೂಢಿ. ಎರಡೂ ಕಡೆ ಓಡಬೇಕಾದ ತಂತ್ರಾಂಶ ಬರೆಯುವವರು ಈ ಎರಡೂ ರೂಢಿಗಳಿಗೆ ತಲೆಬಾಗಬೇಕಾಗುತ್ತದೆ.

ಗಡಿರೇಖೆಯೂ ನಿಂತಲ್ಲೇ ನಿಂತಿಲ್ಲ. ಇಂದಿನ ಬ್ರೌಸರುಗಳಲ್ಲಿ ಟ್ಯಾಬುಗಳು ಶೀರ್ಷಿಕೆ ಪಟ್ಟಿಯ ಜಾಗವನ್ನೇ ಆಕ್ರಮಿಸಿರುವುದನ್ನು ನೀವು ಗಮನಿಸಿರಬಹುದು. ವೇಲ್ಯಾಂಡ್ ಬಳಸುವ ಗ್ನೋಮ್ ಪರಿಸರದಲ್ಲಿ ಶೀರ್ಷಿಕೆ ಪಟ್ಟಿಯನ್ನು ಚಿತ್ರಿಸುವ ಕೆಲಸವೂ ತಂತ್ರಾಂಶದ್ದೇ. ಮುಚ್ಚುವಾಗ ಕೇಳುವ ಪ್ರಶ್ನೆಯೂ ಬದಲಾಗುತ್ತಿದೆ. 2023ರಿಂದ ವಿಂಡೋಸ್ 11ರ ನೋಟ್‌ಪ್ಯಾಡ್ ‘ಉಳಿಸಬೇಕೇ?’ ಎಂದು ಕೇಳದೆಯೇ ಮುಚ್ಚಿಕೊಂಡು, ಮುಂದಿನ ಸಲ ತೆರೆದಾಗ ಅದೇ ಅರ್ಧ ಬರಹವನ್ನು ಮುಂದಿಡುವ ಸೌಲಭ್ಯ ಪಡೆದಿದೆ. ಕೋರಿಕೆಗೆ ಇದೂ ಒಂದು ಒಳ್ಳೆಯ ಉತ್ತರವೇ.

ಓದುಗರಿಗೆ ಇದರಿಂದೇನು?

ಪ್ರೋಗ್ರಾಮು ಬರೆಯದವರಿಗೂ ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಕಿಟಕಿ ಸ್ತಬ್ಧವಾದೊಡನೆ ದುಡುಕಬೇಡಿ. ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದಿರುವ ಕಿಟಕಿಗಳನ್ನು ಒಂದೊಂದಾಗಿ ನೋಡಿ. ಹಿಂದೆ ಪ್ರಶ್ನೆಯೊಂದು ಅಡಗಿರಬಹುದು. ಅದಿಲ್ಲವಾದರೆ ಸ್ವಲ್ಪ ಹೊತ್ತು ಕಾಯಿರಿ. ಗುಮಾಸ್ತ ಕೆಲಸ ಮುಗಿಸಿ ಸಾಲಿಗೆ ಮರಳಬಹುದು.

ಎರಡನೆಯದು, ವಿನಂತಿಗೂ ಬಲಾತ್ಕಾರಕ್ಕೂ ಇರುವ ಅಂತರವನ್ನು ನೆನಪಿಡಿ. ಗಣಕವನ್ನು ಕ್ರಮವಾಗಿ ಆರಿಸುವಾಗ ವಿಂಡೋಸ್ ಪ್ರತಿ ಮೇಲ್ಮಟ್ಟದ ಕಿಟಕಿಯನ್ನೂ ‘ಆರಿಸಬಹುದೇ?’ ಎಂದು ವಿಚಾರಿಸುತ್ತದೆ. ಉಳಿಸದ ಕಡತವಿದ್ದರೆ ತಂತ್ರಾಂಶ ಆಗ ತಡೆಯೊಡ್ಡಬಲ್ಲದು. ತಂತ್ರಾಂಶದ ಓಟವನ್ನೇ ಬಲವಂತವಾಗಿ ಕತ್ತರಿಸಿದಾಗ ಅಥವಾ ಕರೆಂಟು ಹೋದಾಗ ಯಾರೂ ಯಾರನ್ನೂ ಕೇಳುವುದಿಲ್ಲ. ಉಳಿಸುವ ಅವಕಾಶ ಆಗ ಯಾವ ತಂತ್ರಾಂಶಕ್ಕೂ ಸಿಗದು.

ತಂತ್ರಾಂಶ ಬರೆಯುವವರಿಗೆ ಪಾಠ ಇನ್ನೂ ಚಿಕ್ಕದು. ಬಳಕೆದಾರರು ನೂರು ಗುಂಡಿಗಳಲ್ಲಿ ತೊಂಬತ್ತನ್ನು ಮುಟ್ಟದೇ ಇರಬಹುದು. ‘ಇಂಟು’ ಗುರುತನ್ನು ಮಾತ್ರ ಒಂದಲ್ಲ ಒಂದು ದಿನ ಒತ್ತಿಯೇ ಒತ್ತುತ್ತಾರೆ, ಬಹುಶಃ ಕೈತಪ್ಪಿ. ಆ ವಿನಂತಿಗೆ ಏನು ಉತ್ತರ ಕೊಡಬೇಕೆಂಬುದನ್ನು ಕಿಟಕಿಯನ್ನು ತೆರೆಯುವ ಮೊದಲೇ ಯೋಚಿಸಿದ್ದರೆ ಒಳ್ಳೆಯದು.